ಮಲೆನಾಡಿನವಳಿಗೆ ಬಯಲುಸೀಮೆ ಹುಚ್ಚು ಯಾಕೆ?

"ನಿಮ್ಮೂರು ಆಗುಂಬೆ ಹತ್ರ ಅಲ್ವಾ? ಅಂಥ ಕಾಡು ಬಿಟ್ಟು ರಜೆ ಸಿಕ್ಕಾಗೆಲ್ಲ ಬಿಜಾಪುರದ ಕಡೆ ಯಾಕೆ ಹೋಗ್ತೀರಿ?" ನನ್ನನ್ನು ಬಲ್ಲವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ.

ಆ ಕಾಡಿನಲ್ಲಿ ಬೆಳೆದದ್ದಕ್ಕೇ ಹೋಗುತ್ತೇನೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ. ಜೂನ್‌ನಲ್ಲಿ ಹಿಡಿದರೆ ಬಿಡುವ ಮಾತೇ ಇಲ್ಲ. ಶಾಲೆಯ ಲಂಗ ಒಣಗುತ್ತಿದ್ದದ್ದು ಬಚ್ಚಲೊಲೆಯ ಮೇಲೆ. ಹಾಗಾಗಿ ತರಗತಿಯಲ್ಲಿ ಎಲ್ಲರ ಬಟ್ಟೆಯೂ ಹೊಗೆ ವಾಸನೆ. ಸುತ್ತ ಗುಡ್ಡ, ಮುಂದೆ ಅಡಿಕೆ ತೋಟ. ಆಕಾಶ ಅಂದರೆ ಅಂಗಳದ ಮೇಲೆ ಕಂಡಷ್ಟೇ. ನಾಯಿ ಬೊಗಳಿದ ಮೇಲೇ ಯಾರೋ ಬಂದರು ಅಂತ ಗೊತ್ತಾಗುವುದು.

ಬಿಜಾಪುರದಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಸುತ್ತಮುತ್ತ. ಜನವರಿಯಲ್ಲಿ ಅಲ್ಲಿನ ಎರೆಹೊಲದ ಬದುವಿನ ಮೇಲೆ ನಿಂತರೆ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಎಲ್ಲೋ ದೂರದಲ್ಲಿ ಬರುವ ಗಾಡಿಯೂ ಕಾಣುತ್ತದೆ. ಆಗಲೇ ಸೀತನಿಯ ಕಾಲ. ಹಸಿ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಬಿಡಿಸಿ, ಶೇಂಗಾ ಹಿಂಡಿ (ಚಟ್ನಿಪುಡಿ) ಜೊತೆ ಕೈಗಿಡುತ್ತಾರೆ. "ಇನ್ನೊಂದಿಷ್ಟು ತಗೋರಿ" ಅಂತ ಒತ್ತಾಯ ಬೇರೆ. ಅದನ್ನು ಹೊಲದಲ್ಲೇ ಕೂತು ತಿನ್ನಬೇಕು.

ಹಾಗಂತ ಬೆಳೆದ ಜಾಗವೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಅಕ್ಕನೂ ಅದೇ ಮನೆಯಲ್ಲಿ ಬೆಳೆದವಳು. ಅವಳು ಇವತ್ತಿಗೂ ಹೋಗುವುದು ಕೊಡಗು, ವಯನಾಡಿಗೆ. ಚಿಕ್ಕವರಿದ್ದಾಗಲೂ ಮಳೆ ಬಂದರೆ ಅವಳಿಗೆ ಜಗಲಿಯ ಮೂಲೆಯೇ ಸುಖ. ಮಳೆ ಚೂರು ಹೊಳವಾದರೆ ಸಾಕು, ನಾನು ಮನೆ ಹಿಂದಿನ ಬ್ಯಾಣದ, ಅಂದರೆ ಹುಲ್ಲುಗುಡ್ಡದ, ನೆತ್ತಿ ಹತ್ತುತ್ತಿದ್ದೆ.

ಶಿಗೆಹಿರೊ ಒಯಿಶಿ ಎಂಬ ಮನಶ್ಶಾಸ್ತ್ರಜ್ಞರ ತಂಡ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅಂತರ್ಮುಖಿಗಳಿಗೆ ಬೆಟ್ಟಗಳು ಜಾಸ್ತಿ ಇಷ್ಟ, ಜನರೊಂದಿಗೆ ಬೆರೆಯುವವರಿಗೆ ಸಮುದ್ರ ಇಷ್ಟ ಅನ್ನುತ್ತದೆ ಅದು. ಅಕ್ಕನಿಗೆ ಈ ಮಾತು ಸರಿಯಾಗಿ ಹೊಂದುತ್ತದೆ. ನಾನೂ ಮಾತು ಕಮ್ಮಿಯವಳೇ, ಆದರೆ ನನಗೆ ಹೊಂದುವುದಿಲ್ಲ. ಒಂಟಿಯಾಗಿರಲು ಮರೆಯೇ ಬೇಕೆಂದಿಲ್ಲ. ಬಟಾಬಯಲಲ್ಲಿ ನಿಂತಾಗ ಸಿಗುವಷ್ಟು ಏಕಾಂತ ನನಗೆ ಕಾಡಿನಲ್ಲಿ ಸಿಕ್ಕಿಲ್ಲ.

ನಮ್ಮ ಯಜಮಾನರು ಗದಗ ಕಡೆಯವರು, ನಲ್ಲಿ ಮುಂದೆ ಕೊಡ ಹಿಡಿದು ಸಾಲು ನಿಂತು ಬೆಳೆದವರು. ಜೋಗದಲ್ಲಿ 253 ಮೀಟರ್ ಎತ್ತರದಿಂದ ಬೀಳುವ ನೀರಿನ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಂತಾರು. ಅದಕ್ಕೇ ನಮ್ಮಲ್ಲಿ ಒಪ್ಪಂದ: ಮಳೆಗಾಲದ ರಜೆ ಅವರದು, ಸುಗ್ಗಿಯದು ನನ್ನದು. ಈ ಸಲ ಬಾದಾಮಿಗೂ ಹೋಗಬೇಕು ಅಂತ ಈಗಲೇ ಹೇಳಿಟ್ಟಿದ್ದೇನೆ.