ಸುಳಿ ಬೆಳ್ಳಗಾದಾಗ

ಬಿತ್ತಿ ಮೂರು ವಾರ ಆಗಿತ್ತು. ಮೆಕ್ಕೆಜೋಳದ ಸಾಲಿನಲ್ಲಿ ಕೂತು ಒಂದು ಎಲೆ ಬಿಡಿಸಿ ನೋಡಿದೆ. ನಡುನರದ ಎರಡೂ ಕಡೆ, ಬುಡದ ಹತ್ತಿರ, ಅಗಲವಾದ ಬಿಳಿ ಪಟ್ಟಿ. ನರ ಮತ್ತು ಅಂಚು ಮಾತ್ರ ಹಸಿರು. ಯೂರಿಯಾ ಸಾಲಲಿಲ್ಲ ಅಂದುಕೊಂಡು ಇನ್ನೊಂದು ಕಂತು ಹಾಕಿದೆ. ಸುಮ್ನೆ ದಂಡ.

ಯೂರಿಯಾ ಕೊಡುವುದು ಸಾರಜನಕ. ಅದು ಕಡಿಮೆಯಾದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೇ ಎಲೆ, ಅದೂ ತುದಿಯಿಂದ. ನನ್ನ ಗಿಡದಲ್ಲಿ ಬೆಳ್ಳಗಾಗಿದ್ದು ಹೊಸ ಎಲೆ. ಅದು ಸತುವಿನ ಕೊರತೆ. ಸತು ಹಳೇ ಎಲೆಯಿಂದ ಹೊಸದಕ್ಕೆ ಸುಲಭವಾಗಿ ಹೋಗುವುದಿಲ್ಲ, ಅದಕ್ಕೇ ಸುಳಿ, ಅಂದ್ರೆ ಗಿಡದ ನಡುವಿನ ಎಳೆ ಎಲೆ, ಮೊದಲು ಸೊರಗುತ್ತದೆ.

ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್ (ಸತುವಿನ ಗೊಬ್ಬರ), ಅದರ ಅರ್ಧದಷ್ಟು ಸುಣ್ಣ ಬೆರೆಸಿ, ಸೋಸಿ, ಸಂಜೆ ಸಿಂಪಡಿಸಿದೆ. ಸುಣ್ಣ ಬಿಟ್ಟರೆ ಎಲೆ ಸುಡುವ ಭಯ. ಹಳೇ ಪಟ್ಟಿ ಹೋಗಲಿಲ್ಲ, ಆಮೇಲೆ ಬಂದ ಎಲೆಗಳು ಮಾತ್ರ ಹಸಿರಾಗಿದ್ದವು.

ಈಗ ಬಿತ್ತುವ ಮೊದಲೇ ಎಕರೆಗೆ 10 ಕೆ.ಜಿ. ಜಿಂಕ್ ಸಲ್ಫೇಟನ್ನು ಕಾಂಪೋಸ್ಟ್ ಜೊತೆ ಕಲಸಿ ಹಾಕುತ್ತೇನೆ. ಅಷ್ಟೇ ಅಷ್ಟು ಪುಡಿಯನ್ನು ಇಡೀ ಹೊಲಕ್ಕೆ ಸಮವಾಗಿ ಎರಚುವುದು ಆಗದ ಮಾತು, ಅಲ್ವಾ? ಕಾಂಪೋಸ್ಟ್ ಜೊತೆಯಾದರೆ ಎಲ್ಲ ಕಡೆ ಬೀಳುತ್ತದೆ, ಸತು ಬೇರಿಗೆ ಸಿಗುವಂತೆ ಜಾಸ್ತಿ ದಿನ ಉಳಿಯುತ್ತದೆ. ರಂಜಕದ ಗೊಬ್ಬರವಾದ ಡಿಎಪಿ ಜೊತೆ ಮಾತ್ರ ಬೆರೆಸುವುದಿಲ್ಲ. ರಂಜಕಕ್ಕೆ ಅಂಟಿಕೊಂಡ ಸತು ಸರಿಯಾಗಿ ಕರಗುವುದಿಲ್ಲ.

ಕಾಂಪೋಸ್ಟ್ ಪೂರ್ತಿ ಕಳಿತಿರಬೇಕು. ಹಿಡಿ ತುಂಬಿಕೊಂಡು ಮೂಸಿದರೆ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಒಮ್ಮೆ ಅವಸರಕ್ಕೆ ಬಿದ್ದು, ಇನ್ನೂ ದಂಟಿನ ಚೂರು ಕಾಣುತ್ತಿದ್ದ ಗೊಬ್ಬರ ಹಾಕಿಬಿಟ್ಟೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕ ಎಳೆದುಕೊಂಡವು. ಜೋಳ ತಿಂಗಳ ತನಕ ಹಳದಿಯಾಗಿ, ಮೊಳಕಾಲುದ್ದಕ್ಕೇ ನಿಂತಿತ್ತು.