ರ‍್ಯಾಂಕ್ ಪಟ್ಟಿಯ ಟಿಕೆಟ್ ಮತ್ತೆ ಮುಚ್ಚಿದೆ

12 ಜೂನ್ 2025, ಗುರುವಾರ

ಫಲಿತಾಂಶದ ತಂತ್ರಾಂಶದಲ್ಲಿ ‘ರ‍್ಯಾಂಕ್’ ಪದ ‘ರ್ಯಾಂಕ್’ ಎಂದು ಕೆಟ್ಟು ಕಾಣುತ್ತದೆಂದು ಟಿಕೆಟ್ (ದೂರು) ಹಾಕಿದ್ದಕ್ಕೆ, ಅದನ್ನು ಕೊಟ್ಟ ಕಂಪನಿಯ ಉತ್ತರ ಬಂದಿದೆ: ‘ನಾವು ಟೈಪ್ ಮಾಡಿದ್ದೇ ಪರದೆಯ ಮೇಲೂ ಬರುತ್ತಿದೆ. ಟಿಕೆಟ್ ಮುಚ್ಚಲಾಗಿದೆ.’ ಅವರು ಹೇಳಿದ್ದು ನಿಜವೇ. ದೂರಿನ ಜೊತೆ ಹೋಗಬೇಕಿದ್ದ ಅಕ್ಷರವೇ ಅವರಿಗೆ ತಲುಪಿಲ್ಲ.

‘ರ‍್ಯಾಂಕ್’ನಲ್ಲಿ ರ ಪೂರ್ತಿಯಾಗಿ ನಿಂತು ಯ ಒತ್ತಾಗಬೇಕಾದರೆ ಯೂನಿಕೋಡ್‌ನಲ್ಲಿ ರ, ಅದರ ಬೆನ್ನಿಗೆ ಕಣ್ಣಿಗೆ ಕಾಣದ, ಅಕ್ಷರ ಜೋಡಿಸುವ ಗುರುತಾದ ಝೀರೋ ವಿಡ್ತ್ ಜಾಯ್ನರ್, ಆಮೇಲೆ ಹಲಂತ, ಆಮೇಲೆ ಯ ಇರಬೇಕು. ಯೂನಿಕೋಡ್ ಪ್ರತಿ ಅಕ್ಷರಕ್ಕೂ ಕೊಡುವ ಸಂಖ್ಯೆಯನ್ನು ದಶಮಾನದಲ್ಲಿ ಬರೆದರೆ ಇವು 3248, 8205, 3277, 3247. ನಡುವಿನ 8205 ಹೋಯಿತೆಂದರೆ ಯಾ ಪಕ್ಕ ಅರ್ಕಾವತ್ತು ಬಂದು ಕೂರುತ್ತದೆ. ಕಾಣದ ಅಕ್ಷರಗಳಿಂದ ಮೋಸ ನಡೆಯಬಾರದೆಂದು ಎಷ್ಟೋ ತಂತ್ರಾಂಶಗಳು ಅವನ್ನು ಸೋಸಿ ಎಸೆಯುತ್ತವೆ. ಟಿಕೆಟ್ ಬರೆಯುವ ಫಾರಂ ಕೂಡ ಎಸೆಯಬಹುದು! ಆದ್ದರಿಂದ ಪದವನ್ನು ಟಿಕೆಟ್‌ಗೆ ಪೇಸ್ಟ್ ಮಾಡಿ ಬಿಟ್ಟರೆ ಸಾಲದು. ಯುಟಿಎಫ್-8ರ (ಯೂನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ವಿಧಾನ) ಟೆಕ್ಸ್ಟ್ ಫೈಲನ್ನು ಜಿಪ್ ಮಾಡಿ ಲಗತ್ತಿಸಿ, ಈ ನಾಲ್ಕು ಸಂಖ್ಯೆಗಳನ್ನು ವಿವರಣೆಯಲ್ಲೇ ಬರೆಯಬೇಕು.

ತಪ್ಪು ಯಾರದೆಂದು ತೋರಿಸಲು ಎಕ್ಸೆಲ್ ಸಾಕು. ತಂತ್ರಾಂಶದಿಂದ, ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಮಾಹಿತಿಯ ಫೈಲಾದ ಸಿಎಸ್‌ವಿ ಇಳಿಸಿಕೊಂಡು, ಡಬಲ್ ಕ್ಲಿಕ್ ಮಾಡದೆ, ಡೇಟಾ ಮೆನುವಿನಿಂದ ಯುಟಿಎಫ್-8 ಆರಿಸಿ ತೆರೆಯಿರಿ. ಆ ಪದಕ್ಕೆ ಸಂಕೇತಗಳನ್ನು ಎಣಿಸುವ ಲೆನ್ ಫಂಕ್ಷನ್ ಹಾಕಿದರೆ 8 ಬರಬೇಕು. 7 ಬಂದರೆ ಜಾಯ್ನರ್ ಹೋಗಿದೆ ಎಂದರ್ಥ. ಮಿಡ್‌ನಿಂದ ಎರಡನೆಯ ಅಕ್ಷರ ತೆಗೆದು ಯೂನಿಕೋಡ್ ಫಂಕ್ಷನ್‌ಗೆ ಕೊಟ್ಟಾಗ 8205ರ ಬದಲು 3277 ಬಂದರೆ ವಾದವೇ ಮುಗಿಯಿತು. 8 ಬಂದೂ ಪರದೆಯಲ್ಲಿ ಕೆಟ್ಟು ಕಂಡರೆ ಡೇಟಾ ಸರಿಯಿದೆ, ದೋಷ ಫಾಂಟಿನದು ಅಥವಾ ಅಕ್ಷರ ಜೋಡಿಸುವ ಲೈಬ್ರರಿಯದು. ಅದೇ ಸಾಲನ್ನು ಫೈರ್‌ಫಾಕ್ಸ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ ತೆರೆದು ಹೋಲಿಸಿ. ಪಿಡಿಎಫ್‌ನಲ್ಲಿ ಮಾತ್ರ ಒತ್ತು ಕಳಚಿ ಬಿದ್ದಿದ್ದರೆ ವರದಿ ತಯಾರಿಸುವ ಭಾಗವನ್ನು ಹಿಡಿಯಬೇಕು.

ಇಷ್ಟಾದ ಮೇಲೆ ‘ಸರಿಪಡಿಸಿದ್ದೇವೆ’ ಎಂಬ ಉತ್ತರ ಬರುತ್ತದಲ್ಲ, ಅದನ್ನೂ ನಂಬಬಾರದು. ಹಲಂತದ ನಂತರವೇ ಬಂದ ಜಾಯ್ನರನ್ನು ಮಾತ್ರ ಬಿಡು, ಉಳಿದದ್ದನ್ನು ಎಸೆ ಎಂಬ ನಿಯಮವೊಂದು ಚಾಲ್ತಿಯಲ್ಲಿದೆ. ಡೊಮೇನ್ ಹೆಸರುಗಳಿಗಾಗಿ (ವೆಬ್ ವಿಳಾಸಗಳಿಗಾಗಿ) 2010ರಲ್ಲಿ ಬಂದ ಇಂಟರ್ನೆಟ್ ನಿಯಮಗಳ ದಾಖಲೆ ಆರ್‌ಎಫ್‌ಸಿ 5892 ಜಾಯ್ನರಿಗೆ ಹಾಕುವ ಷರತ್ತೂ ಇದೇ. ದೇವನಾಗರಿಯ ಅರ್ಧಾಕ್ಷರಕ್ಕೆ ಅದು ಸರಿಹೋಗುತ್ತದೆ, ಅಲ್ಲಿ ಜಾಯ್ನರ್ ಬರುವುದು ಹಲಂತದ ನಂತರ. ನಮ್ಮ ರ‍್ಯಾಂಕ್‌ನಲ್ಲಿ ಹಲಂತಕ್ಕಿಂತ ಮೊದಲು! ಇದೇ ನಿಯಮವನ್ನು ಅಕ್ಷರಗಳು ಕೂಡದಂತೆ ತಡೆಯುವ ನಾನ್-ಜಾಯ್ನರ್‌ಗೂ ಹಾಕಿದರೆ ‘ಫೇಸ್‌ಬುಕ್’ ಉಳಿಯುತ್ತದೆ, ಅದರ 8204 ಹಲಂತದ ನಂತರ ಬರುತ್ತದಲ್ಲ. ಟೆಸ್ಟ್ ಮಾಡುವವರು ಹಿಂದಿ ಪದವನ್ನೂ ಫೇಸ್‌ಬುಕ್ ಅನ್ನೂ ನೋಡಿ ಪಾಸ್ ಎಂದು ಬರೆದುಕೊಳ್ಳುತ್ತಾರೆ, ರ‍್ಯಾಂಕ್ ಹಾಗೇ ಕೆಟ್ಟಿರುತ್ತದೆ. ಅದಕ್ಕೇ ರ‍್ಯಾಂಕ್, ರ‍್ಯಾಲಿ, ಫೇಸ್‌ಬುಕ್, ಸೂರ್ಯ ನಾಲ್ಕನ್ನೂ ಕೊಡಬೇಕು. ಸೂರ್ಯನಲ್ಲಿ ಅರ್ಕಾವತ್ತು ಇರಲೇಬೇಕು, ಅದು ಮಾಯವಾದರೆ ಉಲ್ಟಾ ದಿಕ್ಕಿನಲ್ಲಿ ಕೆಡಿಸಿದ್ದಾರೆ.

‘ತೀವ್ರತೆ’ ಎಂಬ ಕಾಲಂ ಇನ್ನೊಂದು ಕಾಟ. ಕಾಣುವಿಕೆಯ ದೋಷ ಎಂದು ಬರೆದರೆ ಅದು ಸಾಲಿನ ಕೊನೆಗೆ ಹೋಗಿ ಬೀಳುತ್ತದೆ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ದ ನಡುವೆ ನಾನ್-ಜಾಯ್ನರ್ ಸೇರಿದ್ದ ಒಂದು ಅಕ್ಷರ ಐಫೋನಿನ ಆ್ಯಪ್‌ಗಳನ್ನು ಬೀಳಿಸಿತು. ಸುದ್ದಿಯಾದ ಕೆಲವೇ ದಿನಗಳಲ್ಲಿ, 19ರಂದು, ಐಒಎಸ್ 11.2.6 ಬಂತು. ಆ್ಯಪ್ ಬಿದ್ದರೆ ಓಡಿ ಬರುತ್ತಾರೆ, ಅಕ್ಷರ ಬಿದ್ದರೆ ಇಲ್ಲ. ಹಾಗಾಗಿ ‘ಅಕ್ಷರ ತಪ್ಪಾಗಿ ಕಾಣುತ್ತದೆ’ ಎನ್ನದೆ ‘ಉಳಿಸಿದ ಡೇಟಾ ಬದಲಾಗುತ್ತಿದೆ, ಮೂಲ ಪದ ಹುಡುಕಿದರೆ ಸಿಗುವುದಿಲ್ಲ’ ಎಂದು ಬರೆಯಿರಿ. ಹುಡುಕಾಟ ಬೈಟ್ ಹೋಲಿಕೆಯಿಂದ, ಅಂದರೆ ಒಳಗಿನ ಸಂಖ್ಯೆಗಳನ್ನೇ ಹೋಲಿಸಿ, ನಡೆಯುವ ಕಡೆ ಇದು ಅಕ್ಷರಶಃ ನಿಜ. ಹುಡುಕಿ ಏನೂ ಸಿಗದ ಪರದೆಯ ಚಿತ್ರವನ್ನೂ ಹಾಕಿ. ಕನ್ನಡ ಓದಲು ಬಾರದ ಇಂಜಿನಿಯರ್‌ಗೂ ಸೊನ್ನೆ ಫಲಿತಾಂಶ ಅರ್ಥವಾಗುತ್ತದೆ.

ಮುಚ್ಚಿದ ಟಿಕೆಟನ್ನು ಮತ್ತೆ ತೆರೆಸುವುದೇ ಒಳ್ಳೆಯದು. ಹೊಸದು ಹಾಕಿದರೆ ಹಳೆಯ ತಾರೀಖು ಕೈತಪ್ಪುತ್ತದೆ. ವರ್ಷದ ಎಎಂಸಿ (ನಿರ್ವಹಣೆಯ ಕರಾರು) ನವೀಕರಣದ ಹೊತ್ತಿಗೆ ಆ ತಾರೀಖೇ ಬೇಕಾಗುವುದು. ನಾಲ್ಕು ಪದಗಳನ್ನು, ಬರಬೇಕಾದ ಉದ್ದದ ಸಮೇತ (8, 7, 9, 5), ಕರಾರಿನ ಸ್ವೀಕಾರ ಪರೀಕ್ಷೆಯಲ್ಲಿ ಸೇರಿಸಿ, ಪಾಸಾಗುವ ತನಕ ಬಿಲ್ಲಿಗೆ ಸಹಿ ಹಾಕಬೇಡಿ.