ಒಂದೊಂದು ವಿಭಾಗಕ್ಕೂ ಅದರದೇ ಪರಿವಿಡಿ

ಕಲಬುರಗಿಯಲ್ಲಿ ಡಿಟಿಪಿ ಕೆಲಸ ನನ್ನದು. ಥೀಸಿಸ್ ಬರುತ್ತವೆ, ತರಬೇತಿ ಕೈಪಿಡಿಗಳೂ ಬರುತ್ತವೆ. ಇತ್ತೀಚೆಗೆ ತೊಗರಿ ಬೆಳೆಯ ಕೈಪಿಡಿಯೊಂದನ್ನು ಲೇಟೆಕ್‌ (LaTeX) ಎಂಬ, ಕಮಾಂಡ್ ಬರೆದು ಪುಟ ಜೋಡಿಸುವ ತಂತ್ರಾಂಶದಲ್ಲಿ ಕಟ್ಟಿದೆ. ಪ್ರತಿ ವಿಭಾಗದ ಮೊದಲಿಗೆ ಒಂದು ಚಿಕ್ಕ ಪರಿವಿಡಿ ಇರಲಿ ಎಂದಾಗ ಕೆಲಸ ಕೊಟ್ಟವರು ಕೇಳಿದರು: "ಅಲ್ರಿ ಸರ, ಮುಂದ ಒಂದು ಪರಿವಿಡಿ ಅದಲ್ರಿ, ಮತ್ತ ನಡುವ ಯಾಕ್ ಬೇಕ್ರಿ?"

ಒಳ್ಳೆಯ ಪ್ರಶ್ನೆ. ಆದರೆ ಬೆಳೆಗೆ ಕಾಯಿಕೊರಕ ಹುಳು ಬಿದ್ದ ರೈತ ಭೂಮಿ ಸಿದ್ಧತೆಯಿಂದ ಓದುತ್ತಾ ಬರುವುದಿಲ್ಲ ಅಲ್ವಾ? ಆತ ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ತೆರೆದು ನೇರ ಕೀಟದ ವಿಭಾಗಕ್ಕೆ ಹೋಗುತ್ತಾನೆ, ಅಲ್ಲಿ ಗುರುತು ಹಿಡಿಯುವುದು ಎಲ್ಲಿದೆ, ಔಷಧಿ ಎಲ್ಲಿದೆ ಎಂದು ಹುಡುಕುತ್ತಾನೆ. ಅಷ್ಟು ಸಣ್ಣ ಶೀರ್ಷಿಕೆಗಳನ್ನೆಲ್ಲ ಕೈಪಿಡಿಯ ಮೊದಲಿನ ಪರಿವಿಡಿಗೆ ತುಂಬಿದರೆ ಅದೇ ಪುಟಗಟ್ಟಲೆ ಬೆಳೆಯುತ್ತದೆ, ಯಾರೂ ನೋಡುವುದಿಲ್ಲ. ಹಾಗಾಗಿ ಮೊದಲಿನದು ಮೇಲ್ಮೇಲೆ ಇರಲಿ, ಒಳಗಿನದು ಆಳವಾಗಿರಲಿ. ಎಷ್ಟು ಆಳ ಎಂಬುದನ್ನು ಆ ವಿಭಾಗ ತೆರೆಯುವವರನ್ನು ನೋಡಿಯೇ ನಿರ್ಧರಿಸಬೇಕು.

ಇದು ಸಾಧ್ಯವಾಗುವುದು ಹೇಗೆ ಎಂದು ತಿಳಿದರೆ ಕೆಲಸ ಸಲೀಸು. ಲೇಟೆಕ್ ನಿಮ್ಮ ಶೀರ್ಷಿಕೆಗಳನ್ನು ಪುಟಸಂಖ್ಯೆ ಸಮೇತ ಟಾಕ್ (.toc) ಎಂಬ ಒಂದು ಫೈಲಿಗೆ ಬರೆದಿಡುತ್ತದೆ. ಪರಿವಿಡಿಯಲ್ಲಿ ಎಷ್ಟು ಹಂತದ ಶೀರ್ಷಿಕೆ ಕಾಣಬೇಕು ಎಂದು ಹೇಳುವ ಟಾಕ್‌ಡೆಪ್ತ್ (tocdepth) ಅಂಕಿಯನ್ನು ನೀವು ಕಡಿಮೆ ಇಟ್ಟರೂ ಉಪ-ಉಪವಿಭಾಗದವರೆಗೆ ಎಲ್ಲವೂ ಆ ಫೈಲಿನಲ್ಲಿ ಇರುತ್ತದೆ. ಅಂಕಿ ನೋಡಿ ಸೋಸುವುದು ಪರಿವಿಡಿ ಮುದ್ರಿಸುವಾಗ ಮಾತ್ರ. ಅಂದರೆ ಅದೇ ಫೈಲಿನಿಂದ ಬೇಕಾದಷ್ಟು ಪರಿವಿಡಿ ತೆಗೆಯಬಹುದು, ಒಂದೊಂದಕ್ಕೂ ಬೇರೆ ಆಳ ಕೊಡಬಹುದು.

ಇದಕ್ಕೆ ಮಿನಿಟಾಕ್ (minitoc), ಟೈಟಲ್‌ಟಾಕ್ (titletoc), ಇಟಾಕ್ (etoc) ಎಂಬ ಪ್ಯಾಕೇಜುಗಳು, ಅಂದರೆ ಲೇಟೆಕ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯಗಳು ಇವೆ. ಮಿನಿಟಾಕ್ ಹಳೆಯದು, ಕೆಲಸ ಮಾಡುತ್ತದೆ, ಆದರೆ ಒಂದೊಂದು ಚಿಕ್ಕ ಪರಿವಿಡಿಗೂ ಒಂದೊಂದು ಫೈಲ್ ಮಾಡಿ ಫೋಲ್ಡರ್ ತುಂಬಿಸುತ್ತದೆ. ಟೈಟಲ್‌ಟಾಕ್‌ನಲ್ಲಿ ಎಲ್ಲಿಂದ ಶುರು, ಎಲ್ಲಿಗೆ ಮುಗಿತಾಯ ಎಂದು ನಾವೇ ಹೇಳಬಹುದು. ನನಗೆ ಹಿಡಿಸಿದ್ದು ಇಟಾಕ್. ವಿಭಾಗದ ಶೀರ್ಷಿಕೆಯ ಕೆಳಗೆ ಲೋಕಲ್‌ಟೇಬಲ್‌ಆಫ್‌ಕಂಟೆಂಟ್ಸ್ (\localtableofcontents) ಎಂಬ ಒಂದೇ ಕಮಾಂಡ್ ಹಾಕಿದರೆ ಆ ವಿಭಾಗದ ಒಳಗಿನದಷ್ಟೇ ಬರುತ್ತದೆ. ಮುಂದೆ ಬರುವ ಒಂದೇ ಪರಿವಿಡಿಗೆ ಮಾತ್ರ ಆಳ ಬದಲಿಸುವ ಕಮಾಂಡೂ ಇದೆ. ಹೆಸರು, ಕ್ರಮಸಂಖ್ಯೆ, ಪುಟಸಂಖ್ಯೆ ಮೂರೂ ಬಿಡಿಬಿಡಿಯಾಗಿ ಕೈಗೆ ಸಿಗುವುದರಿಂದ ರೂಪ ಪೂರ್ತಿ ನಮ್ಮದು. ಕೀಟದ ವಿಭಾಗಕ್ಕೆ ಎರಡು ಕಾಲಂ ಮಾಡಿದೆ, ಮೇಲೆ "ಈ ವಿಭಾಗದಲ್ಲಿ" ಎಂದು ಶೀರ್ಷಿಕೆ. ರೋಗದ್ದರಲ್ಲಿ ಸೊರಗು ರೋಗ, ಗೊಡ್ಡು ರೋಗ ಎಂದು ಕೆಲವೇ ಹೆಸರು, ಹಾಗಾಗಿ ಒಂದೇ ಪ್ಯಾರಾದಲ್ಲಿ ಅಲ್ಪವಿರಾಮ ಹಾಕಿ ಸಾಲಾಗಿ ಬರುವಂತೆ ಮಾಡಿದೆ, ಜಾಗವೂ ಉಳಿಯಿತು. ಕಟಾವು ಮತ್ತು ರಾಶಿಯ ವಿಭಾಗ ಚಿಕ್ಕದು, ಅಲ್ಲಿ ಪರಿವಿಡಿಯೇ ಬೇಡ ಎಂದೆ. ಎಲ್ಲ ಕಡೆ ಒಂದೇ ಥರ ಇರಬೇಕು ಎಂಬ ಹಟ ಓದುವವರಿಗೆ ಯಾವ ಉಪಕಾರವನ್ನೂ ಮಾಡುವುದಿಲ್ಲ. ಹೈಪರ್‌ರೆಫ್ (hyperref) ಎಂಬ ಪ್ಯಾಕೇಜನ್ನೂ ಸೇರಿಸಿದರೆ ಹೆಸರು ಒತ್ತಿದ ಕೂಡಲೇ ಆ ಪುಟ ತೆರೆಯುತ್ತದೆ, ಫೋನಿನಲ್ಲಿ ಇದು ಬೇಕೇ ಬೇಕು.

ಕನ್ನಡಕ್ಕೆ ಬಂದರೆ, ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿ ಬಂದ ಮ್ಯಾಟರ್ ಅನ್ನು ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ. ಲೇಟೆಕ್‌ನ ಇನ್ನೊಂದು ರೂಪವಾದ ಲುವಾಲೇಟೆಕ್ (LuaLaTeX) ಬಳಸುವವರು ಫಾಂಟಿಗೆ ಅಕ್ಷರ ಜೋಡಿಸುವ ಹಾರ್ಫ್‌ಬಝ್ (HarfBuzz) ರೆಂಡರರ್ ಕೊಡಿ, ಇಲ್ಲದಿದ್ದರೆ ಒತ್ತಕ್ಷರ ಕೆಡಬಹುದು. ಉದ್ದ ಶೀರ್ಷಿಕೆಗೆ ಚೌಕ ಕಂಸದಲ್ಲಿ ಗಿಡ್ಡ ರೂಪ ಕೊಟ್ಟರೆ ಪರಿವಿಡಿಗೆ ಅದೇ ಹೋಗುತ್ತದೆ. ಕಮಾಂಡಿಗೆ ನಕ್ಷತ್ರ (*) ಹಾಕಿದ ಶೀರ್ಷಿಕೆ ತಾನಾಗಿ ಪರಿವಿಡಿಗೆ ಬರುವುದಿಲ್ಲ, ಬೇರೆಯಾಗಿ ಸೇರಿಸಬೇಕು. ಚಿಕ್ಕ ಪರಿವಿಡಿಯೇ ಜಾಗ ತಿಂದು ಮುಂದಿನ ಪುಟಗಳನ್ನು ತಳ್ಳುವುದರಿಂದ ಲೇಟೆಕ್ ಅನ್ನು ಒಂದು ಸಲ ಓಡಿಸಿದರೆ ಸಾಲದು, ಸಾಮಾನ್ಯವಾಗಿ ಮೂರು ಸಲ ಬೇಕು.

ನಮ್ಮ ಕಡೆ ವರ್ಡ್‌ನಲ್ಲೇ ಕೆಲಸ ಮಾಡುವವರು ಜಾಸ್ತಿ, ಅವರಿಗೂ ದಾರಿ ಇದೆ. ಇಡೀ ವಿಭಾಗವನ್ನು ಸೆಲೆಕ್ಟ್ ಮಾಡಿ ಒಂದು ಬುಕ್‌ಮಾರ್ಕ್ ಹೆಸರು ಕೊಡಿ, ಪರಿವಿಡಿ ತರುವ ಟಿಓಸಿ (TOC) ಫೀಲ್ಡಿಗೆ ಬಿ ಸ್ವಿಚ್ (\b) ಹಾಕಿ ಆ ಹೆಸರು ಬರೆಯಿರಿ, ಅಷ್ಟು ಭಾಗದ ಪರಿವಿಡಿ ಬರುತ್ತದೆ. ಪಿಡಿಎಫ್ ಮಾಡುವ ಮೊದಲು ಕಂಟ್ರೋಲ್ ಎ ಒತ್ತಿ ಎಫ್9 ಒತ್ತಿ, ಪುಟಸಂಖ್ಯೆಗಳು ಸರಿಹೋಗುತ್ತವೆ.